ಹುಮನಾಬಾದ್ ರಸ್ತೆಗೆ ಬಂದ ಟ್ಯಾಂಕ್ ಯಾವುದು?

ಟ್ಯಾಂಕ್ ಮಾಡೆಲ್ ಕಿಟ್ ಕೊಳ್ಳೋಣ ಅಂತ ಫೋನಿನಲ್ಲಿ ಹುಡುಕಿ ನೋಡಿ. ಮೊದಲು ಬರೋದು ಜರ್ಮನಿಯ ಟೈಗರ್. ಎರಡನೆಯದೂ ಟೈಗರ್. ಮೂರನೆಯದು ಅದರ ತಮ್ಮನೋ ಅಣ್ಣನೋ ಆದ ಇನ್ನೊಂದು ಜರ್ಮನ್ ಟ್ಯಾಂಕ್. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ತಯಾರಿಸಿದ ಟೈಗರ್ 1 ಸುಮಾರು 1,350 ಮಾತ್ರ. ಅಮೆರಿಕ ತಯಾರಿಸಿದ ಶರ್ಮನ್ ಟ್ಯಾಂಕುಗಳು 49 ಸಾವಿರದ ಆಸುಪಾಸು. ಹಾಬಿ ಅಂಗಡಿಯ ಕಪಾಟು ನೋಡಿದವರಿಗೆ ಮಾತ್ರ ಈ ಲೆಕ್ಕ ಉಲ್ಟಾ ಅನಿಸ್ತದೆ.

ನಾನೂ ಈ ಹವ್ಯಾಸಕ್ಕೆ ಕೈ ಹಚ್ಚಿದ್ದು ಟೈಗರ್‌ನಿಂದಲೇ. ದಿನವಿಡೀ ಸ್ಕ್ರೀನ್ ಮೇಲೆ ಕೋಡ್ ಬರೆಯೋನಿಗೆ ರಾತ್ರಿ ಎರಡು ತಾಸು ಕೈಯಿಂದ ಮುಟ್ಟಿ ಮಾಡೋ ಕೆಲಸ ಸಿಕ್ಕರೆ ತಲೆ ಹಗುರಾಗ್ತದೆ. ಕಲಬುರಗಿಯ ಮನೆಯಲ್ಲಿ, ಆಫೀಸ್ ಲ್ಯಾಪ್‌ಟಾಪ್ ಇಡೋ ಟೇಬಲ್ಲಿನ ಇನ್ನೊಂದು ತುದಿಯಲ್ಲಿ, ಆ ಟೈಗರ್ ಎರಡು ವರ್ಷದಿಂದ ಕೂತಿದೆ. ನೋಡಿದವರೆಲ್ಲ ಛಲೋ ಅದ ಅಂತಾರೆ. ಅಕ್ಕನ ಮಗ ಮಾತ್ರ ಒಂದು ದಿನ ಬೇರೆ ಪ್ರಶ್ನೆ ಕೇಳಿದ: "ಮಾಮಾ, ಇದು ನಮ್ಮ ಕಡೆ ಬಂದಿತ್ತೇನು?"

ಟೈಗರ್ ಬಂದಿರಲಿಲ್ಲ. ಆದರೆ ಟ್ಯಾಂಕ್ ಬಂದಿದ್ದವು. ಹುಡುಗನಿಗೆ ಅಷ್ಟು ಹೇಳಿದ ಮೇಲೆ ಮುಂದಿನ ಪ್ರಶ್ನೆ ತಾನಾಗಿಯೇ ಬಂತು: ಹಂಗಾದರೆ ಯಾವ ಟ್ಯಾಂಕ್? ಅದರ ಕಿಟ್ ಸಿಗ್ತದೇನು?

ಇಸವಿ ನಿಮಗೆ ಗೊತ್ತಿರೋದೇ. ದೇಶಕ್ಕೆ 1947ರ ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ಬಂದರೂ ನಿಜಾಮನ ಹೈದರಾಬಾದ್ ಸಂಸ್ಥಾನದೊಳಗಿದ್ದ ಕಲಬುರಗಿ, ಬೀದರ್, ರಾಯಚೂರು ಇನ್ನೊಂದು ವರ್ಷ ಕಾಯಬೇಕಾಯಿತು. 1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಒಳಗೆ ಬಂತು. ಮುಖ್ಯ ಪಡೆ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಕೈಕೆಳಗೆ ಸೊಲ್ಲಾಪುರದ ಕಡೆಯಿಂದ ಹೊರಟಿತು. ನಳದುರ್ಗದ ಹತ್ತಿರ ಬೋರಿ ನದಿಯ ಸೇತುವೆಯನ್ನು ಮುರಿಯೋದಕ್ಕೆ ಬಿಡದೆ ಹಿಡಿದರು, ಅದೇ ದಿನ ಉಮರ್ಗಾ ಮುಟ್ಟಿದರು. ಮರುದಿನ ಟೆಂಪೆಸ್ಟ್ ವಿಮಾನಗಳು ಮುಂದಿನ ದಾರಿಯ ಮೇಲೆ ದಾಳಿ ಮಾಡಿದವು, ಪಡೆ ರಾಜೇಶ್ವರಕ್ಕೆ ಬಂತು. ಅಲ್ಲಿಂದ ಹುಮನಾಬಾದ್, ಆಮೇಲೆ ಜಹೀರಾಬಾದ್. 17ನೇ ತಾರೀಕಿಗೆ ನಿಜಾಮ ಶರಣು. ಕಲಬುರಗಿಯಲ್ಲಿ ಇವತ್ತಿಗೂ ಆ ದಿನ ಸರ್ದಾರ್ ಪಟೇಲರ ಪ್ರತಿಮೆಗೆ ಹಾರ ಹಾಕಿ ಧ್ವಜ ಏರಿಸ್ತಾರೆ. ಪುಸ್ತಕದಲ್ಲಿ ಇದರ ಹೆಸರು ಆಪರೇಷನ್ ಪೋಲೋ, ಜನರ ಬಾಯಲ್ಲಿ ಪೊಲೀಸ್ ಕಾರ್ಯಾಚರಣೆ.

ಉಮರ್ಗಾ ದಾಟಿದ ಮೇಲಿನ ಆ ರಸ್ತೆಯ ಒಂದು ತುಂಡು ಈಗ ನಮ್ಮ ಬೀದರ್ ಜಿಲ್ಲೆಯಲ್ಲಿದೆ. ಹೈದರಾಬಾದಿಗೆ ಹೋಗುವಾಗ ನಾವೆಲ್ಲ ಚಹಾ ಕುಡಿಯೋಕೆ ಗಾಡಿ ನಿಲ್ಲಿಸೋ ರಸ್ತೆ ಅದು. ಕಲಬುರಗಿಯಿಂದ ಹೊರಟರೆ ಮಹಾಗಾಂವ್, ಕಮಲಾಪುರ ದಾಟಿ ಹುಮನಾಬಾದಿನಲ್ಲಿ ಅದಕ್ಕೆ ಕೂಡ್ತೇವೆ. ಕಮಲಾಪುರ ಅಂದರೆ ಎಲ್ಲರಿಗೂ ಕೆಂಪು ಬಾಳೆಹಣ್ಣು. ನನಗೆ ಅದು ತಾಯಿಯ ತವರು, ಮುತ್ಯಾನ ಮನೆ.

ಇಲ್ಲೊಂದು ಸಣ್ಣ ತಿರುವು ಹೇಳಬೇಕು. ಕರ್ನಾಟಕದ ನಂಟು ಇರೋ ಯುದ್ಧಕಾಲದ ಟ್ಯಾಂಕೇ ಬೇಕು, ಮಾಡೆಲ್ ಚೊಕ್ಕ ಇರಬೇಕು, ತಲೆಬಿಸಿ ಬೇಡ ಅನ್ನೋರಿಗೆ ಇದಕ್ಕಿಂತ ಸುಲಭದ ಆಯ್ಕೆ ಒಂದಿದೆ. ಅದೇ 1948ರ ನವೆಂಬರ್ 1, ಝೋಜಿ ಲಾ ಕಣಿವೆ. ಸಮುದ್ರಮಟ್ಟದಿಂದ 11,500 ಅಡಿಗಿಂತ ಎತ್ತರ. ಅಲ್ಲಿಗೆ ಟ್ಯಾಂಕ್ ಹತ್ತಿಸಿದ ಕಾರ್ಯಾಚರಣೆಯ ಹಿಂದೆ ಇದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಟ್ಯಾಂಕು 7ನೇ ಕ್ಯಾವಲ್ರಿಯ ಸ್ಟುವರ್ಟ್. ಶತ್ರುವಿಗೆ ಸುಳಿವು ಸಿಗಬಾರದು ಅಂತ ಟರೆಟ್, ಅಂದರೆ ಮೇಲಿನ ತಿರುಗೋ ತಲೆ, ಬಿಚ್ಚಿ ಶ್ರೀನಗರದ ಮೂಲಕ ಸಾಗಿಸಿದರು. ಹೇಸರಗತ್ತೆ ಹೋಗೋ ಹಾದಿಯನ್ನು ಗಾಡಿ ಹೋಗೋ ಹಾದಿ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಅವರ ಕೇಂದ್ರ ಇರೋದು ಬೆಂಗಳೂರಿನ ಹಲಸೂರು ಕೆರೆಯ ಪಕ್ಕ. ನಿಮ್ಮಲ್ಲಿ ಎಷ್ಟೋ ಜನ ಅದರ ಗೋಡೆ ನೋಡ್ತಾ ಆಫೀಸಿಗೆ ಹೋಗ್ತೀರಿ.

ಅದರ ಕಿಟ್ ಆರಿಸೋದೂ ಸರಳ. ಸ್ಟುವರ್ಟ್ ಅನ್ನೋ ಹೆಸರಲ್ಲಿ ಎಂ3, ಎಂ5 ಎರಡೂ ಬರ್ತವೆ. ಝೋಜಿ ಲಾಕ್ಕೆ ಬೇಕಾದದ್ದು ಎಂ5 ಸಾಲಿನದು. ಹಿಂಭಾಗ ನೋಡಿ: ಎಂಜಿನ್ ಮೇಲಿನ ಮುಚ್ಚಳ ಮೆಟ್ಟಿಲಿನ ಹಾಗೆ ಎದ್ದಿದ್ದರೆ ಅದು ಎಂ5. ಒಳಗೆ ಎರಡು ಕ್ಯಾಡಿಲಾಕ್ ಕಾರಿನ ಎಂಜಿನ್ ಕೂಡಿಸಿದ್ದಕ್ಕೆ ಆ ಎತ್ತರ. ತಮಿಯಾ, ಎಎಫ್‌ವಿ ಕ್ಲಬ್ ಇಬ್ಬರೂ ಎಂ5ಎ1 ಮಾಡ್ತಾರೆ. ಹಿಮದ ಮೇಲೆ ಒಂದು ಸಣ್ಣ ಟ್ಯಾಂಕ್, ಪಕ್ಕದಲ್ಲಿ ನಾಲ್ಕು ಸೈನಿಕರು. ಮುಂದೆ ಎಂದಾದರೂ ಮಾಡ್ತೀನಿ.

ಈಗ ಬೇಡ ಅಂದಿದ್ದಕ್ಕೆ ಕಾರಣ ಮುತ್ಯಾ. ಅಕ್ಕನ ಮಗ ಕೇಳಿದ ಪ್ರಶ್ನೆಯನ್ನ ಕಮಲಾಪುರಕ್ಕೆ ಹೋದಾಗ ಸುಮ್ಮನೆ ಮುಂದಿಟ್ಟೆ. ಮುತ್ಯಾ ಎಲೆ ಅಡಿಕೆ ಚೀಲದಿಂದ ಕೈ ತೆಗೆದು, "ನಾ ಅದನ್ನ ಕೈಲಿಂದ ಮುಟ್ಟಿ ನೋಡೀನಿ," ಅಂದ.

ಅವನಿಗೆ ಆಗ 11 ವರ್ಷ. ಊರಲ್ಲಿ ರಜಾಕಾರರ ಹೆದರಿಕೆ ಹೆಚ್ಚಾಗಿ, ಮನೆಯವರು ಜೋಳವನ್ನ ಹಗೇವಿಗೆ ಹಾಕಿ ಮಣ್ಣು ಮುಚ್ಚಿ, ಮಕ್ಕಳನ್ನ ಹುಮನಾಬಾದಿನ ಸಂಬಂಧಿಕರ ಮನೆಗೆ ಕಳಿಸಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಬಸವಕಲ್ಯಾಣದ ಕಡೆಯ ಗೋರ್ಟಾದಲ್ಲಿ ಹತ್ಯಾಕಾಂಡ ಆಗಿತ್ತು. ಆ ಸುದ್ದಿ ಬಂದ ಮೇಲೆ ಯಾರೂ ರಾತ್ರಿ ದೀಪ ಹಚ್ಚಿಡ್ತಿರಲಿಲ್ಲ ಅಂತ ಮುತ್ಯಾ ಹೇಳ್ತಾನೆ. ಸೆಪ್ಟೆಂಬರ್‌ನಲ್ಲಿ ರಸ್ತೆ ಬದಿಗೆ ನಿಂತ ಟ್ಯಾಂಕ್ ನೋಡಲು ಹುಡುಗರೆಲ್ಲ ಓಡಿದ್ದರಂತೆ. "ಪೊಲೀಸ್ ಆಕ್ಷನ್ ಅಂದ್ರು. ಪೊಲೀಸ್ರ ಹತ್ರ ಇಷ್ಟು ದೊಡ್ಡ ಗಾಡಿ ಇರ್ತದ ಅಂತ ನಮಗೇನು ಗೊತ್ತು!"

ಮುತ್ಯಾನಿಗೆ ಈಗ 88. ಎರಡು ವರ್ಷದ ಹಿಂದಿನ ಮದುವೆ ನೆನಪಿಲ್ಲ, ಆ ಟ್ಯಾಂಕ್ ನೆನಪಿದೆ. ಇನ್ನೆಷ್ಟು ದಿನ ಇರ್ತದೋ. ಅದಕ್ಕೇ ಈ ಅವಸರ.

ನೆನಪನ್ನ ಕೇಳೋದಕ್ಕೂ ಒಂದು ರೀತಿ ಇದೆ. ನಮ್ಮ ಕೆಲಸದಲ್ಲಿ ಯೂಸರ್ ಇಂಟರ್‌ವ್ಯೂ ಮಾಡ್ತೇವಲ್ಲ, ಅಲ್ಲಿ ಮೊದಲು ಕಲಿಸೋದು ಉತ್ತರವನ್ನ ಪ್ರಶ್ನೆಯೊಳಗೆ ಇಡಬೇಡ ಅಂತ. "ಮುತ್ಯಾ, ಅದು ಶರ್ಮನ್ ಅಲ್ಲೇನು?" ಅಂದರೆ ಅವನು ಹೌದು ಅಂತಾನೆ, ಮೊಮ್ಮಗನಿಗೆ ಬೇಜಾರಾಗಬಾರದಲ್ಲ. ಹಾಗಾಗಿ ಹೆಸರು ಹೇಳದೆ ಫೋನಿನಲ್ಲಿ ಮೂರು ಫೋಟೊ ತೋರಿಸಿದೆ. ಮೊದಲನೆಯದು ಸ್ಟುವರ್ಟ್. "ಇದು ಮರಿ. ಇದಲ್ಲ." ಎರಡನೆಯದು ಎಂ4ಎ1, ಅಂದರೆ ಎರಕ ಹೊಯ್ದ ಗುಂಡನೆಯ ಮೈಯ ಶರ್ಮನ್. "ಇದು ಬಳಸಿ ಬಳಸಿ ಸವೆದ ಸಾಬೂನಿನಂಗ ಅದ. ನಾ ನೋಡಿದ್ದು ಮೂಲಿ ಮೂಲಿ ಇತ್ತು." ಮೂರನೆಯದು ತಗಡು ಕೂಡಿಸಿ ವೆಲ್ಡ್ ಮಾಡಿದ, ಮೂಲೆ ಎದ್ದು ಕಾಣೋ ಶರ್ಮನ್. ಅದನ್ನ ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. "ಇಂಥಾದ್ದು. ಆದ್ರ ಕೆಸರಿತ್ತು."

ಸವೆದ ಸಾಬೂನು ಅನ್ನೋ ಮಾತನ್ನ ಯಾವ ಮಾಡೆಲಿಂಗ್ ಪುಸ್ತಕದಲ್ಲೂ ನಾನು ಓದಿಲ್ಲ. ಎಂ4ಎ1ಕ್ಕೆ ಅದಕ್ಕಿಂತ ಒಳ್ಳೆ ವಿವರಣೆ ಇಲ್ಲ.

ಶರ್ಮನ್ ಅಂತ ಗೊತ್ತಾದರೆ ಕೆಲಸ ಮುಗೀತು ಅಂದುಕೊಳ್ಳಬೇಡಿ, ನಿಜವಾದ ಗೊಂದಲ ಶುರುವಾಗೋದೇ ಅಲ್ಲಿಂದ. ಶರ್ಮನ್ ಅನ್ನೋದು ಒಂದು ಟ್ಯಾಂಕ್ ಅಲ್ಲ, ಒಂದು ಕುಟುಂಬ. ಯುದ್ಧದ ಅವಸರದಲ್ಲಿ ಯಾವ ಕಾರ್ಖಾನೆಗೆ ಯಾವ ಎಂಜಿನ್ ಸಿಕ್ಕಿತೋ ಅದನ್ನ ಕೂರಿಸಿದರು. ಎಂ4 ಮತ್ತು ಎಂ4ಎ1ರಲ್ಲಿ ವಿಮಾನದ ಥರದ ರೇಡಿಯಲ್ ಎಂಜಿನ್. ಎಂ4ಎ2ರಲ್ಲಿ ಎರಡು ಡೀಸೆಲ್. ಎಂ4ಎ3ರಲ್ಲಿ ಫೋರ್ಡ್ ವಿ8. ಎಂ4ಎ4ರಲ್ಲಿ ಎಲ್ಲಕ್ಕಿಂತ ವಿಚಿತ್ರ: ಕ್ರೈಸ್ಲರ್ ಕಂಪನಿ ಐದು ಕಾರ್ ಎಂಜಿನ್‌ಗಳನ್ನ ಒಂದಕ್ಕೊಂದು ಕಟ್ಟಿ 30 ಸಿಲಿಂಡರಿನ ಒಂದು ರಾಶಿ ಮಾಡಿತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇಂಟರ್‌ಫೇಸ್ ಒಂದೇ, ಬ್ಯಾಕೆಂಡ್ ಬೇರೆ ಬೇರೆ ಥರ. ಆದರೆ ಈ ಐದು ಎಂಜಿನ್ನಿನ ರಾಶಿ ಮಾಮೂಲಿ ಜಾಗದಲ್ಲಿ ಹಿಡಿಸಲಿಲ್ಲ. ಹಾಗಾಗಿ ಟ್ಯಾಂಕಿನ ಮೈಯನ್ನೇ ಉದ್ದ ಮಾಡಿದರು.

ಆ ಉದ್ದವೇ ಗುರುತು. ಶರ್ಮನ್‌ಗೆ ಒಂದೊಂದು ಬದಿಗೆ ಆರು ಗಾಲಿ, ಎರಡೆರಡರ ಮೂರು ಜೋಡಿ. ಉಳಿದ ಶರ್ಮನ್‌ಗಳಲ್ಲಿ ಜೋಡಿಗಳು ಒತ್ತಿಕೊಂಡು ನಿಂತಂತೆ ಕಾಣ್ತವೆ. ಎಂ4ಎ4ರಲ್ಲಿ ಜೋಡಿ ಜೋಡಿಯ ನಡುವೆ ಕಣ್ಣಿಗೆ ಕಾಣೋವಷ್ಟು ಸಂದು. ಚೈನಿನ ಕೊಂಡಿ ಎಣಿಸಿದರೂ ಗೊತ್ತಾಗ್ತದೆ: ಬೇರೆ ಶರ್ಮನ್‌ಗೆ ಒಂದು ಬದಿಗೆ 79, ಇದಕ್ಕೆ 83. ಟರೆಟ್ಟಿನ ಹಿಂದೆ ಎಂಜಿನ್ ಮುಚ್ಚಳದ ಮೇಲೆ ರೇಡಿಯೇಟರ್‌ಗೆ ಜಾಗ ಕೊಡೋಕೆ ಒಂದು ಉಬ್ಬೂ ಇದೆ.

ಒಟ್ಟು 7,499 ಎಂ4ಎ4 ತಯಾರಾದವು, ಬಹುಪಾಲು ಹೋಗಿದ್ದು ಬ್ರಿಟಿಷರ ಕೈಗೆ. ಅವರಿಟ್ಟ ಹೆಸರು ಶರ್ಮನ್ 5. ಬ್ರಿಟಿಷರ ಕೈಗೆ ಅಂದರೆ ಭಾರತೀಯ ಸೇನೆಗೂ ಬಂತು. 1945ರಲ್ಲಿ ಬರ್ಮಾದ ಮೇಕ್ಟಿಲಾ ಕಡೆ ಓಡಿದ ಪ್ರೋಬಿನ್ಸ್ ಹಾರ್ಸ್, ರಾಯಲ್ ಡೆಕ್ಕನ್ ಹಾರ್ಸ್ ರೆಜಿಮೆಂಟುಗಳ ಟ್ಯಾಂಕು ಇದೇ. ದೇಶ ವಿಭಜನೆಯಾದಾಗ ರೆಜಿಮೆಂಟುಗಳೂ ಪಾಲಾದವು. ಪ್ರೋಬಿನ್ಸ್ ಪಾಕಿಸ್ತಾನಕ್ಕೆ, ಡೆಕ್ಕನ್ ಹಾರ್ಸ್ ಭಾರತಕ್ಕೆ. ಈ ಡೆಕ್ಕನ್ ಹಾರ್ಸ್‌ನ ಬೇರು ಇರೋದು ಹಳೇ ಹೈದರಾಬಾದ್ ಕಂಟಿಂಜೆಂಟ್‌ನ ಕುದುರೆ ಪಡೆಯಲ್ಲಿ, ಅಂದರೆ ನಿಜಾಮನ ಖಜಾನೆಯ ಖರ್ಚಿನಲ್ಲಿ ಬೆಳೆದ ಪಡೆಯಲ್ಲಿ. ಇತಿಹಾಸ ಹಿಂಗೇ, ನೂಲು ಎಳೆದರೆ ಎಲ್ಲಿಂದ ಎಲ್ಲಿಗೋ ಹೋಗ್ತದೆ.

ಮುತ್ಯಾನಿಗೆ ಗಾಲಿ ಬಗ್ಗೆ ಕೇಳಿದೆ, ಮತ್ತೆ ಏನೂ ಸೂಚನೆ ಕೊಡದೆ. "ಜೋಡಿ ಜೋಡಿ ಇದ್ದವು. ನಡುವಿನ ಸಂದಿನ್ಯಾಗ ಕೆಸರು ಮೆತ್ತಿ ಇಟ್ಟಂಗಿಯಂಗ ಗಟ್ಟಿ ಆಗಿತ್ತು. ನಾ ಕಟಿಗಿ ತಗೊಂಡು ಕೆದರಿದೆ. ಸಿಪಾಯಿ ಬೈದ." ಇಷ್ಟರ ಮೇಲೆ ಕೋರ್ಟಿನಲ್ಲಿ ಕೇಸ್ ಗೆಲ್ಲೋಕಾಗಲ್ಲ. ಆದರೆ ಮೂಲೆ ಮೂಲೆಯ ಮೈ, ಕೆಸರು ತುಂಬೋವಷ್ಟು ಸಂದು, ಬರ್ಮಾದಿಂದ ಉಳಿದು ಬಂದ ಟ್ಯಾಂಕಿನ ಜಾತಿ, ಈ ಮೂರೂ ಒಂದೇ ಕಡೆ ಬೆರಳು ತೋರಿಸ್ತಾವೆ. ನಾನು ಎಂ4ಎ4 ಅಂತ ತೀರ್ಮಾನ ಮಾಡಿದೆ.

ಇನ್ನು ಪೇಟೆ. ಕಿಟ್ ಕೊಳ್ಳೋರಿಗೆ ಎರಡು ವಿಷಯ ಹೇಳಬೇಕು.

ಒಂದು, ಅಂಗಡಿಯಲ್ಲಿ ಸುಲಭಕ್ಕೆ ಸಿಗೋ ಶರ್ಮನ್ ಅಂದರೆ ಎಂ4ಎ3. ತಮಿಯಾದ್ದು ಜೋಡಿಸೋಕೆ ಬೆಣ್ಣೆ, ಮೊದಲ ಸಲದವರಿಗೆ ಅದನ್ನೇ ಹೇಳ್ತೀನಿ. ಆದರೆ ಮೈ ಗಿಡ್ಡ, ಹುಮನಾಬಾದಿನ ಟ್ಯಾಂಕ್ ಅದರಿಂದ ಆಗೋದಿಲ್ಲ. ಎರಡು, ಎಂ4ಎ4 ಅಂತ ಹುಡುಕಿದರೆ ಬಹಳ ಸಲ ಬರೋದು ಫೈರ್‌ಫ್ಲೈ. ಅದರ ಹೆಸರು ಶರ್ಮನ್ 5ಸಿ. ಆ ಕೊನೆಯ 'ಸಿ' ಅಕ್ಷರದಲ್ಲೇ ಎಲ್ಲ ಇರೋದು. ಬ್ರಿಟಿಷರು ಅದೇ ಮೈಯ ಮೇಲೆ ಉದ್ದ ನಳಿಗೆಯ 17 ಪೌಂಡರ್ ತೋಪು ಕೂರಿಸಿ, ಟರೆಟ್ ಹಿಂದೆ ಒಂದು ಪೆಟ್ಟಿಗೆ ಸೇರಿಸಿ, ಮುಂದೆ ಕೂರೋ ಮಷಿನ್‌ಗನ್ ಸಿಪಾಯಿಯ ಜಾಗವನ್ನ ಗುಂಡು ಇಡೋಕೆ ತಗೊಂಡು ಆ ತೂತನ್ನೇ ಮುಚ್ಚಿಬಿಟ್ಟರು. ತೋಪು ಬದಲಿಸಿದರೆ ಸಾಕು ಅಂತ ಫೈರ್‌ಫ್ಲೈ ತಂದರೆ ಟರೆಟ್ ಬದಲಿಸಬೇಕು, ಮುಂದಿನ ತಗಡು ತಿದ್ದಬೇಕು, ಕೊನೆಗೆ ಒಂದು ಟ್ಯಾಂಕಿಗೆ ಎರಡು ಕಿಟ್ಟಿನ ದುಡ್ಡು. ನಮಗೆ ಬೇಕಾದದ್ದು 75 ಮಿ.ಮೀ. ತೋಪಿನ, ಸಿ ಇಲ್ಲದ 5. ಕಂಪನಿ ಹೆಸರಿಗಿಂತ ಬಾಕ್ಸಿನ ಬದಿಯ ಚಿತ್ರ ನೋಡಿ, ಗಾಲಿ ಜೋಡಿಯ ಸಂದು ನೋಡಿ, ನಳಿಗೆ ನೋಡಿ. ಶರ್ಮನ್ ವಿಷಯದಲ್ಲಿ ಜಪಾನಿನ ಅಸುಕಾಗೆ ಒಳ್ಳೆ ಹೆಸರಿದೆ. ಮೊದಲು ತಾಸ್ಕಾ ಅಂತಿತ್ತು. ನನಗೆ ಕೊನೆಗೆ ಸಿಕ್ಕಿದ್ದು ಬೆಂಗಳೂರಿನ ಹವ್ಯಾಸಿಯೊಬ್ಬರು ಎಂಟು ವರ್ಷ ಅಟ್ಟದ ಮೇಲೆ ಇಟ್ಟಿದ್ದ, ತೆರೆಯದ ಬಾಕ್ಸು. ಹೊರಗಿಂದ ತರಿಸಿದ್ದರೆ ಕಸ್ಟಮ್ಸ್ ಸೇರಿ ಬೆಲೆ ಎಲ್ಲಿಗೆ ಮುಟ್ಟುತ್ತಿತ್ತೋ.

ಅಳತೆ ಬಗ್ಗೆ ಒಂದು ಮಜಾ. ಟ್ಯಾಂಕ್ ಮಾಡೆಲ್‌ಗೆ 1/35 ಅನ್ನೋ ಅಳತೆ ಜಗತ್ತಿಗೆಲ್ಲ ನಡೀತದೆ. ಯಾವ ಗಣಿತದಿಂದ ಬಂತು ಅಂತ ಹುಡುಕಿದರೆ ಗಣಿತವೇ ಇಲ್ಲ. ಅರವತ್ತರ ದಶಕದ ಆರಂಭದಲ್ಲಿ ತಮಿಯಾ ಕಂಪನಿ ಮೋಟಾರ್ ಇರೋ ಪ್ಯಾಂಥರ್ ಟ್ಯಾಂಕ್ ಮಾಡಿತು. ಒಳಗೆ ಎರಡು ಬ್ಯಾಟರಿ ಸೆಲ್ ಹಿಡಿಸೋವಷ್ಟು ದೊಡ್ಡದಾಗಿ ಮಾಡಿದರು. ಆಮೇಲೆ ಅಳೆದು ನೋಡಿದರೆ ಅದು 1/35ರ ಹತ್ತಿರ ಬಂತು, ಅದೇ ಕಾಯಂ ಆಯಿತು. ಪ್ರೊಡಕ್ಷನ್ನಿಗೆ ಹೋದ ತಾತ್ಕಾಲಿಕ ಕೋಡ್ ಹತ್ತು ವರ್ಷ ಉಳಿದಂತೆ! 6.06 ಮೀಟರಿನ ಎಂ4ಎ4 ಈ ಅಳತೆಯಲ್ಲಿ 17.3 ಸೆಂ.ಮೀ. ಆಗ್ತದೆ. ಬಾಡಿಗೆ ಮನೆ, ಸಣ್ಣ ಕಪಾಟು ಅನ್ನೋರಿಗೆ 1/72 ಇದೆ, ಅದರಲ್ಲಿ 8.4 ಸೆಂ.ಮೀ. ನಮ್ಮ ಕಲಬುರಗಿ ಕೋಟೆಯ ಮೇಲಿನ 29 ಅಡಿ ಉದ್ದದ ತೋಪನ್ನ 1/35ರಲ್ಲಿ ಮಾಡಿದರೆ 25 ಸೆಂ.ಮೀ. ದಾಟ್ತದೆ, ಟ್ಯಾಂಕಿಗಿಂತ ಉದ್ದ. ಬಹಮನಿ ಸುಲ್ತಾನರ ಮುಂದೆ ಕ್ರೈಸ್ಲರ್ ಏನೂ ಅಲ್ಲ.

ಬಣ್ಣದ ಬಗ್ಗೆ ಬಹಳ ಬರೆಯೋದಿಲ್ಲ. ಹಳೇ ಫೋಟೊ ಎಲ್ಲ ಕಪ್ಪು ಬಿಳುಪು, ಬಾಕ್ಸಿನೊಳಗಿನ ಸ್ಟಿಕ್ಕರ್ ಎಲ್ಲ ಯುರೋಪಿನ ಯುದ್ಧದ್ದು. ಮಂಕು ಆಲಿವ್ ಹಸಿರು ಹಚ್ಚಿ, ಸ್ಟಿಕ್ಕರ್ ಹಾಳೆಯನ್ನ ಹಾಗೇ ಲಕೋಟೆಯಲ್ಲಿ ಇಟ್ಟಿದ್ದೇನೆ. ಚಂದ ಕಾಣ್ತದೆ ಅಂತ ಇಲ್ಲದ ನಂಬರ್ ಅಂಟಿಸೋದು ನನಗೆ ಸರಿ ಬರೋದಿಲ್ಲ. ನಮ್ಮ ಊರಿನ ಬೇಸಿಗೆಯಲ್ಲಿ ಬಣ್ಣ ಹಚ್ಚೋರಿಗೆ ಮಾತ್ರ ಒಂದು ಮಾತು: 42 ಡಿಗ್ರಿಯಲ್ಲಿ ಅಕ್ರಿಲಿಕ್ ಬ್ರಶ್ಶಿನ ಮೇಲೇ ಒಣಗ್ತದೆ. ಬೆಳಿಗ್ಗೆ ಏಳರೊಳಗೆ ಅಥವಾ ರಾತ್ರಿ ಹತ್ತರ ಮೇಲೆ ಕೂಡಿ. ಬ್ರಶ್ ತೊಳೆಯೋಕೆ ಸೂಪರ್ ಮಾರ್ಕೆಟ್ ಕಡೆಯ ಹಾರ್ಡ್‌ವೇರ್ ಅಂಗಡಿಯ ಥಿನ್ನರ್ ನಡೀತದೆ, ಪ್ಲಾಸ್ಟಿಕ್‌ಗೆ ತಾಗಿಸಬೇಡಿ.

ಬಣ್ಣಕ್ಕಿಂತ ಮಣ್ಣು ದೊಡ್ಡ ವಿಷಯ. ಮುತ್ಯಾ ಮೂರು ಸಲ ಹೇಳಿದ್ದು ಕೆಸರು ಅಂತ. ಸೆಪ್ಟೆಂಬರ್, ಮಳೆಗಾಲ. ಪೇಟೆಯಲ್ಲಿ ಸಿಗೋ ಮಣ್ಣಿನ ಪುಡಿಯ ಹೆಸರು ನೋಡಿ: ಯುರೋಪಿನ ಧೂಳು, ರಷ್ಯದ ಕೆಸರು, ಆಫ್ರಿಕದ ಮರಳು. ಹುಮನಾಬಾದ್ ಅಂತ ಡಬ್ಬಿ ಇಲ್ಲ. ಕಲಬುರಗಿ ಕಡೆ ತೊಗರಿ ಬೆಳೆಯೋ ಎರಿ ಭೂಮಿ, ಕಪ್ಪು. ಬೀದರ್ ಕಡೆಗೆ ಏರಿದಂತೆ ಕೆಂಪು ಜಂಬಿಟ್ಟಿಗೆ ಮಣ್ಣು. ಟ್ಯಾಂಕ್ ಎರಡೂ ಮಣ್ಣು ತುಳಿದಿದ್ದರೆ ಕೆಳಗಿನ ಗಾಲಿಯ ಒಳಗೆ ಒಣಗಿದ ಕಪ್ಪು, ಮೇಲೆ ಹಸಿ ಕೆಂಪು ಇರಬೇಕು. ಹಿಂದಿನ ತಿಂಗಳು ಹುಮನಾಬಾದ್ ದಾಟಿ ರಸ್ತೆ ಬದಿಯಿಂದ ಒಂದು ಡಬ್ಬಿ, ಕಮಲಾಪುರದ ಹೊಲದಿಂದ ಇನ್ನೊಂದು ಡಬ್ಬಿ ತಂದೆ. ಆದರೆ ಮಣ್ಣಿನ ಕಣವನ್ನ ಮಾಡೆಲ್ ಅಳತೆಗೆ ಸಣ್ಣ ಮಾಡೋಕಾಗಲ್ಲ. ಒಂದು ಹತ್ತಾಂಶ ಮಿಲಿಮೀಟರಿನ ಕಣ ಈ ಟ್ಯಾಂಕಿನ ಮೇಲೆ ಮೂರೂವರೆ ಮಿಲಿಮೀಟರಿನ ಹರಳಾಗಿ ಕಾಣ್ತದೆ. ಅವ್ವನ ಹಳೇ ಮಲ್ ಬಟ್ಟೆಯಲ್ಲಿ ಎರಡು ಸಲ ಸೋಸಿದ ಮೇಲೆ ಉಳಿದ ಹಿಟ್ಟಿನಂಥಾ ಪುಡಿ ಮಾತ್ರ ಬಳಸ್ತಿದ್ದೇನೆ. ಅವ್ವ ಕೇಳಿದಳು, "ಇಂಜಿನಿಯರಿಂಗ್ ಓದಿಸಿದ್ದು ಇದಕ್ಕೇನಪಾ?"

ಇಷ್ಟೆಲ್ಲ ಖುಷಿಯಿಂದ ನನ್ನ ಇಂಜಿನಿಯರಿಂಗ್ ಕ್ಲಾಸ್‌ಮೇಟ್ ಒಬ್ಬನಿಗೆ ಹೇಳಿಕೊಂಡೆ. ಅವನೂ ಕಲಬುರಗಿಯವನೇ, ಹಾಸ್ಟೆಲ್ಲಿನಲ್ಲಿ ನಾಲ್ಕು ವರ್ಷ ಒಂದೇ ಸಾಲಿನ ರೂಮು. ಪೂರ್ತಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅವನ ನಾನಿಯ ವಿಷಯ ಹೇಳಿದ. ಆ ಸೆಪ್ಟೆಂಬರ್ ಮುಗಿಯೋದರೊಳಗೆ ಅವರ ಕುಟುಂಬ ಹಳ್ಳಿ ಬಿಟ್ಟು ಶಹರಕ್ಕೆ ಬಂತು. ನಾನಿಯ ಇಬ್ಬರು ಅಣ್ಣಂದಿರು ಬರಲಿಲ್ಲ. ಸಿಗಲೂ ಇಲ್ಲ. ನಾಲ್ಕು ವರ್ಷ ಒಂದೇ ಮೆಸ್ಸಿನಲ್ಲಿ ಉಂಡವನು, ಇದನ್ನ ನನಗೆ ಹೇಳಿದ್ದು ಅದೇ ಮೊದಲು.

ಇದು ಬರೀ ಒಂದು ಮನೆಯ ಕಥೆ ಅಲ್ಲ. ಕಾರ್ಯಾಚರಣೆ ಮುಗಿದ ಮೇಲೆ ಮುಸ್ಲಿಮರ ಮೇಲೆ ನಡೆದ ಹಿಂಸೆಯ ದೂರು ದಿಲ್ಲಿ ತನಕ ಹೋಗಿ, ನೆಹರೂ ಅವರು ಪಂಡಿತ್ ಸುಂದರಲಾಲ್ ನೇತೃತ್ವದಲ್ಲಿ ಒಂದು ಸಮಿತಿ ಕಳಿಸಿದರು. ಅದು 1948ರ ಕೊನೆಯಲ್ಲಿ ಜಿಲ್ಲೆ ಜಿಲ್ಲೆ ಸುತ್ತಿತು. ಸತ್ತವರು 27 ಸಾವಿರದಿಂದ 40 ಸಾವಿರ ಇರಬಹುದು ಅನ್ನೋದು ಅದರ ಅಂದಾಜು. ಅತಿ ಹೆಚ್ಚು ಪೆಟ್ಟು ತಿಂದವು ಅಂತ ಅದು ಹೆಸರಿಸಿದ ನಾಲ್ಕು ಜಿಲ್ಲೆ: ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್. ಅಂದರೆ ನಮ್ಮದೇ ಜಿಲ್ಲೆ, ನಮ್ಮದೇ ರಸ್ತೆ. ವರದಿ ದಶಕಗಟ್ಟಲೆ ಕಡತದಲ್ಲೇ ಇತ್ತು. ಶಾಲೆಯಲ್ಲಿ ನನಗೆ ರಜಾಕಾರರ ಪಾಠ ಇತ್ತು, ಗೋರ್ಟಾದ ಹೆಸರು ಮನೆಯಲ್ಲೇ ಕೇಳಿದ್ದೆ. ಸುಂದರಲಾಲ್ ಹೆಸರು ಓದಿದ್ದು ಕೆಲಸಕ್ಕೆ ಸೇರಿದ ಮೇಲೆ.

ಮುತ್ಯಾನಿಗೆ ಕೇಳಿದೆ. ಟ್ಯಾಂಕಿನ ಬಗ್ಗೆ ಕೇಳಿದಾಗ ಬಂದ ಹಾಗೆ ಉತ್ತರ ಬರಲಿಲ್ಲ. "ಗಾಡಿ ಬಂದಾಗ ನಮ್ಮ ಮನ್ಯಾಗ ಹೋಳಿಗಿ ಮಾಡಿದ್ರು. ಖರೇ. ಮುಂದಿನ ತಿಂಗಳು ಕೆಟ್ಟಿತ್ತು. ನನ್ನ ಜೋಡಿ ಗೋಲಿ ಆಡ್ತಿದ್ದ ಹುಡುಗನ ಮನಿ ಕದ ಹಂಗೇ ತೆರೆದಿತ್ತು, ಒಳಗ ಯಾರೂ ಇರಲಿಲ್ಲ." ಹೆಸರು ಕೇಳಿದೆ. ಹೇಳಿದ. ಇಲ್ಲಿ ಬರೆಯೋದಿಲ್ಲ.

ಮಾಡೆಲ್ ಮಾಡೋರು "ನಿಖರತೆ" ಅನ್ನೋ ಪದವನ್ನ ಬೋಲ್ಟಿನ ತಲೆ ಆರು ಮೂಲೆಯದೋ ಗುಂಡನೆಯದೋ ಅನ್ನೋದಕ್ಕೆ ಬಳಸ್ತೇವೆ. ನನ್ನ ಮೂಲ ಯೋಜನೆಯಲ್ಲಿ ಟ್ಯಾಂಕಿನ ಸುತ್ತ ಜನ, ಕೈಯಲ್ಲಿ ಬಾವುಟ, ಟರೆಟ್ ಮೇಲೆ ಚೆಂಡುಹೂವಿನ ಹಾರ ಇತ್ತು. ಅದು ಸುಳ್ಳೇನಲ್ಲ, ಹೋಳಿಗೆ ಮಾಡಿದ ಮನೆಯ ಮೊಮ್ಮಗ ನಾನು. ಆದರೆ ಕ್ಲಾಸ್‌ಮೇಟ್ ಫೋನ್ ಇಡುವಾಗ ಹೇಳಿದ್ದು ಒಂದೇ ಮಾತು: "ಮಾಡು, ಛಲೋ ಮಾಡು. ಹಾರ ಒಂದು ಹಾಕಬ್ಯಾಡ." ಹಾಗಾದರೆ ಟ್ಯಾಂಕನ್ನೇ ಬಿಡಬೇಕಾ ಅಂತ ಒಂದು ವಾರ ಯೋಚಿಸಿದೆ. ಬಿಡಲಿಲ್ಲ. ಮುತ್ಯಾ ಮುಟ್ಟಿದ್ದು ಖರೆ, ಅದು ಆ ರಸ್ತೆಯಲ್ಲಿ ನಿಂತಿದ್ದು ಖರೆ. ಹಾರ, ಬಾವುಟ, ಜನ ತೆಗೆದೆ. ಉಳಿದದ್ದು: ಹಸಿ ರಸ್ತೆ, ಬದಿಗೆ ನಿಂತ ಟ್ಯಾಂಕ್, ತೆರೆದ ಮುಚ್ಚಳ, ಒಬ್ಬ ಸಿಪಾಯಿ, ಕೈಯಲ್ಲಿ ಕಟ್ಟಿಗೆ ಹಿಡಿದ ಒಬ್ಬ ಹುಡುಗ. ರಸ್ತೆಯ ಆಚೆ ಅರ್ಧ ಗೋಡೆ, ಅದಕ್ಕೆ ಒಂದು ಕದ. ಕದ ತೆರೆದಿರ್ತದೆ.

ಹುಡುಗನ ಬೊಂಬೆ ನನ್ನ ಕಿಟ್ಟಿನಲ್ಲಿ ಇಲ್ಲ. ಸಿಪಾಯಿಯ ಕಾಲು ಕತ್ತರಿಸಿ ಗಿಡ್ಡ ಮಾಡಿದರೆ ಹುಡುಗ ಆಗೋದಿಲ್ಲ, ತಲೆಯ ಅಳತೆ ಬೇರೆ. ಎಪಾಕ್ಸಿ ಪುಟ್ಟಿಯಿಂದ ಕೈಯಲ್ಲೇ ತಿದ್ದುತ್ತಿದ್ದೇನೆ. ನಾಲ್ಕು ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ ಎತ್ತರ, ಮೊಣಕಾಲ ತನಕ ಚಡ್ಡಿ.

ನಿಮ್ಮ ಮನೆಯಲ್ಲೂ ಹಿಂಗೆ ಏನಾದರೂ ಮುಟ್ಟಿ ನೋಡಿದ ಹಿರಿಯರಿದ್ದರೆ, ಅದು ಟ್ಯಾಂಕೇ ಆಗಬೇಕಂತಿಲ್ಲ, ಹಳೇ ಬಸ್ಸು, ರೈಲು ಎಂಜಿನ್, ಗಿರಣಿ ಯಾವುದೇ ಇರಲಿ, ಕಿಟ್ ಆರ್ಡರ್ ಮಾಡೋದಕ್ಕಿಂತ ಮೊದಲು ಅವರ ಹತ್ತಿರ ಕೂಡಿ. ಹೆಸರು ಹೇಳದೆ ಫೋಟೊ ತೋರಿಸಿ. ಫೋನಿನಲ್ಲಿ ಧ್ವನಿ ರೆಕಾರ್ಡ್ ಹಾಕಿ, ಹಾಕಿದ್ದೇನೆ ಅಂತ ಹೇಳಿ. ಒಂದೇ ದಿನ ಎಲ್ಲ ಕೇಳಬೇಡಿ. ಗಾಲಿಯ ವಿಷಯ ಬಂದಿದ್ದು ನನ್ನ ನಾಲ್ಕನೇ ಭೇಟಿಗೆ, ಕದದ ವಿಷಯ ಆರನೆಯದಕ್ಕೆ.

ಸದ್ಯದ ಪರಿಸ್ಥಿತಿ ಇಷ್ಟು: ಕೆಳಗಿನ ಮೈ ಮುಗಿದಿದೆ, ಗಾಲಿ ತಿರುಗ್ತಾವೆ. ಚೈನಿನ ಕೊಂಡಿಗಳನ್ನ ಒಂದೊಂದಾಗಿ ಜೋಡಿಸಬೇಕು, ಎರಡೂ ಬದಿ ಸೇರಿ 166. ನಿನ್ನೆ ರಾತ್ರಿಗೆ 58 ಆದವು. ಹೋದ ಭಾನುವಾರ ಕಮಲಾಪುರಕ್ಕೆ ಅರ್ಧ ಕೆಲಸದ್ದನ್ನೇ ಒಯ್ದು ತೋರಿಸಿದೆ. ಮುತ್ಯಾ ತಿರುಗಿಸಿ ತಿರುಗಿಸಿ ನೋಡಿ ಗಾಲಿಯ ಸಂದಿಗೆ ಉಗುರು ಹಾಕಿದ. ಆಮೇಲೆ ಸಿಪಾಯಿಯನ್ನ ಕೈಗೆ ತಗೊಂಡು, "ಇವನ ಮಾರಿ ಸಿಟ್ಟಿಂದ ಮಾಡಬ್ಯಾಡ. ಬೈದ ಮ್ಯಾಲ ಒಂದು ಬಿಸ್ಕೀಟ್ ಕೊಟ್ಟಿದ್ದ. ಅದನ್ನ ಅವನ ಕೈಯಾಗ ಇಡು," ಅಂದ. ಎಂಟು ತಿಂಗಳಲ್ಲಿ ಬಿಸ್ಕೀಟಿನ ಮಾತು ಬಂದಿದ್ದು ಇದೇ ಮೊದಲು. ಎಷ್ಟು ದೊಡ್ಡದಿತ್ತು ಅಂತ ಕೇಳಿದೆ. ಎರಡು ಬೆರಳು ಅಗಲಿಸಿ ತೋರಿಸಿದ. ಸುಮಾರು ಐದು ಸೆಂಟಿಮೀಟರ್, ಚೌಕ. ಅಂದರೆ 1.4 ಮಿಲಿಮೀಟರ್. ತೆಳು ಪ್ಲಾಸ್ಟಿಕ್ ಹಾಳೆಯಿಂದ ಅಷ್ಟು ಕತ್ತರಿಸಿ ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೇನೆ. ಅವ್ವನಿಗೆ ಹೇಳಿಟ್ಟಿದ್ದೇನೆ, ಕಸ ಅಂತ ಚೆಲ್ಲಬ್ಯಾಡ ಅಂತ.